ಬೇಡವೆನ್ನುವುದು ಬೇರೆ, ಎದೆಗುಂದಿಸುವುದು ಬೇರೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆ. ನಡುಮನೆಯಲ್ಲಿ ಅಪ್ಪ, ಊರಿನಿಂದ ಬಂದ ಸೋದರಮಾವ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಅಮ್ಮ. ಮಗಳ ಕೈಯಲ್ಲಿ ಪಿಯು ಕಾಲೇಜಿನ ಅರ್ಜಿ. ಅವಳಿಗೆ ಇತಿಹಾಸ ಓದಬೇಕೆಂಬ ಆಸೆ. "ಇಷ್ಟು ಒಳ್ಳೇ ಮಾರ್ಕ್ಸ್ ತಗೊಂಡು ಆರ್ಟ್ಸಾ? ಅದನ್ನ ಓದಿ ಏನಮ್ಮಾ ಮಾಡ್ತೀಯಾ? ಬೇರೆ ಎಲ್ಲೂ ಸೀಟು ಸಿಗದೇ ಇರೋರು ಹೋಗೋದು ಅಲ್ಲಿಗೆ" ಎನ್ನುತ್ತಾನೆ ಮಾವ. ಹುಡುಗಿ ಅರ್ಜಿಯನ್ನು ಮಡಚುತ್ತಾಳೆ. ಅಮ್ಮ ನಿಂತಲ್ಲಿಂದಲೇ, "ಅಣ್ಣಾ, ಸುಮ್ನೆ ಅವಳನ್ನ ಡಿಸ್ಕರೇಜ್ ಮಾಡ್ಬೇಡ" ಎನ್ನುತ್ತಾಳೆ. "ನಾನೆಲ್ಲಿ ಡಿಸ್ಕರೇಜ್ ಮಾಡ್ದೆ? ಇರೋದನ್ನ ಹೇಳ್ದೆ. ಅವಳ ಒಳ್ಳೇದಕ್ಕೇ ಹೇಳ್ದೆ" ಎಂಬ ಉತ್ತರ ಬರುತ್ತದೆ.

ಮಾತು ಅಲ್ಲಿಗೆ ನಿಲ್ಲುತ್ತದೆ. ಮಡಚಿದ ಅರ್ಜಿ ಮಡಚಿಯೇ ಇರುತ್ತದೆ.

ಆ ಮನೆಯ ಜಗಳವೆಲ್ಲ ಒಂದು ಇಂಗ್ಲಿಷ್ ಕ್ರಿಯಾಪದದ ಮೇಲೆ ನಿಂತಿದೆ. ಅಮ್ಮನ ಬಾಯಲ್ಲಿ ಡಿಸ್ಕರೇಜ್ ಎಂದರೆ ಎದೆಗುಂದಿಸುವುದು. ಮಾವ ತಾನು ಮಾಡಿದ್ದು ಬುದ್ಧಿ ಹೇಳುವ ಕೆಲಸ ಎಂದುಕೊಂಡಿದ್ದಾನೆ. ಇಂಗ್ಲಿಷಿನಲ್ಲಿ ಈ ಪದಕ್ಕೆ ಎರಡು ಅರ್ಥವೂ ಇದೆ: ಒಬ್ಬರ ಧೈರ್ಯ, ಭರವಸೆಗಳನ್ನು ಕುಗ್ಗಿಸುವುದು ಒಂದು, ಒಂದು ಕೆಲಸ ಬೇಡವೆಂದು ತಡೆಯಲು ಯತ್ನಿಸುವುದು ಇನ್ನೊಂದು. ಬಾಳಿನಲ್ಲಿ ಇವೆರಡು ಬೇರೆ ಬೇರೆ ಕೆಲಸಗಳು. ಎರಡನ್ನೂ ಒಂದೇ ಪದದಲ್ಲಿ ಸುತ್ತಿಟ್ಟಾಗ ಎದೆಗುಂದಿಸುವ ಮಾತು ಹಿತವಚನದ ಮರೆಯಲ್ಲಿ ಅಡಗಿಕೊಳ್ಳುತ್ತದೆ. ಡಿಸ್ಕರೇಜ್ ಎಂಬುದು ಇಂದು ಹಳ್ಳಿಯ ಶಾಲೆಯ ಜಗುಲಿಯಿಂದ ಬೆಂಗಳೂರಿನ ಐಟಿ ಕಚೇರಿಯವರೆಗೆ ಕನ್ನಡದ ಮಾತೇ ಆಗಿಬಿಟ್ಟಿರುವುದರಿಂದ, ಅದರ ಒಳಗೇನಿದೆ ಎಂದು ಬಿಡಿಸಿ ನೋಡುವುದು ಕನ್ನಡಿಗರಿಗೆ ಲಾಭದ ಕೆಲಸ.

ಈ ಪದದ ನಡುವೆ ಕುಳಿತಿರುವುದು ಹೃದಯ. ಲ್ಯಾಟಿನ್ ಭಾಷೆಯಲ್ಲಿ ಹೃದಯಕ್ಕೆ 'ಕೋರ್' ಎಂದು ಹೆಸರು. ಅದರಿಂದ ಹಳೆಯ ಫ್ರೆಂಚಿನ 'ಕೊರಾಜ್' ಹುಟ್ಟಿ, ಇಂಗ್ಲಿಷಿಗೆ ಬಂದು 'ಕರೇಜ್' ಆಯಿತು. 14ನೇ ಶತಮಾನದ ಕವಿ ಚಾಸರನ ಕಾಲದಲ್ಲಿ ಕರೇಜ್ ಎಂದರೆ ಬರೀ ಧೈರ್ಯವಾಗಿರಲಿಲ್ಲ. ಮನಸ್ಸು, ಒಳಗಿನ ತುಡಿತ ಎಂಬ ಅಗಲವಾದ ಅರ್ಥ ಅದಕ್ಕಿತ್ತು. 15ನೇ ಶತಮಾನದಲ್ಲಿ ಫ್ರೆಂಚಿನ ದಾರಿಯಲ್ಲೇ ಎನ್‌ಕರೇಜ್ ಮತ್ತು ಡಿಸ್ಕರೇಜ್ ಎರಡೂ ಬಂದವು. ಒಂದು ಹೃದಯವನ್ನು ತುಂಬುತ್ತದೆ, ಇನ್ನೊಂದು ಬರಿದು ಮಾಡುತ್ತದೆ. ಮುಂದೆ ಇಂಗ್ಲಿಷರು ತಮ್ಮದೇ 'ಹಾರ್ಟ್' ಪದದಿಂದ 'ಡಿಸ್‌ಹಾರ್ಟನ್' ಎಂಬ ಇನ್ನೊಂದು ಕ್ರಿಯಾಪದ ಕಟ್ಟಿಕೊಂಡರು. ಶೇಕ್ಸ್‌ಪಿಯರನ 'ಐದನೇ ಹೆನ್ರಿ' ನಾಟಕದಲ್ಲಿ ಅದು ಬರುವ ಸಂದರ್ಭ ಗಮನಿಸಬೇಕಾದದ್ದು. ಆಜಿನ್‌ಕೋರ್ ಕದನದ ಹಿಂದಿನ ರಾತ್ರಿ ರಾಜ ವೇಷ ಮರೆಸಿಕೊಂಡು ತನ್ನ ಸೈನಿಕರ ನಡುವೆ ಬಂದಿದ್ದಾನೆ. ಅರಸನಿಗೂ ಎಲ್ಲರಂತೆ ಭಯವಿರುತ್ತದೆ, ಆದರೆ ಅವನು ಅದನ್ನು ತೋರಿಸಿಕೊಂಡರೆ ಪಡೆಯೇ ಎದೆಗುಂದುತ್ತದೆ ಎನ್ನುವುದು ಅಲ್ಲಿನ ಮಾತಿನ ತಿರುಳು. ಮೇಲೆ ಕುಳಿತವರ ಒಂದು ಮುಖಭಾವ ಕೆಳಗೆ ನಿಂತವರ ಬಲವನ್ನು ಹೀರಬಲ್ಲದು ಎಂಬುದು ಆ ಪದದ ಜೊತೆಗೇ ಬಂದ ತಿಳಿವಳಿಕೆ.

ಕನ್ನಡವೂ ಧೈರ್ಯವನ್ನು ಇಟ್ಟಿರುವುದು ಅದೇ ಜಾಗದಲ್ಲಿ. ಎದೆಗಾರ, ಕೆಚ್ಚೆದೆ, ಎದೆ ತಟ್ಟಿ ಹೇಳುವುದು, ಎದೆ ಝಲ್ಲೆನ್ನುವುದು, ಎದೆಯೊಡೆಯುವುದು: ಧೈರ್ಯ ಬರುವುದೂ ಹೋಗುವುದೂ ಎದೆಯ ಮೂಲಕವೇ. ಎದೆ ಮತ್ತು ಕುಂದು ಸೇರಿ ಆದೇಶ ಸಂಧಿಯಲ್ಲಿ ಎದೆಗುಂದು ಆಯಿತು. ಎದೆ ಮತ್ತು ಕೆಡು ಸೇರಿ ಎದೆಗೆಡು ಆಯಿತು. ಡಿಸ್ಕರೇಜ್ ಪದದ ಮೊದಲ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಮಾತನ್ನು ಹುಡುಕಬೇಕಿಲ್ಲ. ಲ್ಯಾಟಿನ್ ಹೃದಯವನ್ನೂ ಕನ್ನಡದ ಎದೆಯನ್ನೂ ಯಾರೂ ಕೂರಿಸಿ ಹೊಂದಿಸಲಿಲ್ಲ. ಧೈರ್ಯ ಕಳೆದುಕೊಂಡ ಮನುಷ್ಯನಿಗೆ ಎದೆಯ ಗೂಡು ಖಾಲಿಯಾದಂತೆ ಅನಿಸುವುದು ಎಲ್ಲ ಕಡೆಯೂ ಒಂದೇ.

ಇಂಗ್ಲಿಷಿನಲ್ಲಿ ಡಿಸ್ಕರೇಜ್ ಪದಕ್ಕೆ ಒಡಹುಟ್ಟಿದವು ಇನ್ನೂ ಹಲವಿವೆ. ಅವುಗಳ ಬೇರು ಕೆದಕಿದರೆ ಕನ್ನಡ ಓದುಗನಿಗೆ ಪರಿಚಿತ ಮುಖಗಳೇ ಕಾಣುತ್ತವೆ. 'ಡಿಸ್ವೇಡ್' ಎಂದರೆ ಹೇಳಿಕೇಳಿ ಮನವೊಲಿಸಿ ಒಂದು ಕೆಲಸದಿಂದ ಹಿಂದೆ ಸರಿಸುವುದು. ಅದರ ಒಳಗಿರುವ ಲ್ಯಾಟಿನ್ ಧಾತು ಸಿಹಿ ಎಂಬ ಅರ್ಥದ ಬೇರಿನಿಂದ ಬಂದದ್ದು. ಸಂಸ್ಕೃತದ 'ಸ್ವಾದು' ಅದೇ ಬೇರಿನ ಕುಡಿ. ರುಚಿಯಾಗುವಂತೆ ಹೇಳಿ ಒಪ್ಪಿಸುವ ಕೆಲಸ ಅದು. 'ಡಿಟರ್' ಎಂದರೆ ಪರಿಣಾಮದ ಭಯ ತೋರಿಸಿ ತಡೆಯುವುದು. ಅದರಲ್ಲಿರುವುದು ಟೆರರ್ ಪದದ ಧಾತು. ಸಂಸ್ಕೃತದ 'ತ್ರಾಸ' ಅದರ ನೆಂಟ. 'ಡಾಂಟ್' ಎಂದರೆ ಎದುರಿನ ಕೆಲಸದ ಗಾತ್ರವೋ ಎದುರಾಳಿಯ ಬಲವೋ ಕಂಡು ಹೆದರುವಂತೆ ಮಾಡುವುದು. ಪ್ರಾಣಿಯನ್ನು ಪಳಗಿಸುವುದು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ಅದರ ಮೂಲ. ಸಂಸ್ಕೃತದ 'ದಮನ' ಅದೇ ವಂಶದ್ದು. ಸ್ವಾದ, ತ್ರಾಸ, ದಮನ. ತಡೆಯುವ ಮೂರು ದಾರಿಗಳು ಕನ್ನಡಿಗರಿಗೆ ಗೊತ್ತಿರುವ ಮೂರು ಪದಗಳಲ್ಲೇ ನಿಂತಿವೆ.

ಇನ್ನೊಂದು ಪದ 'ಡಿಮಾರಲೈಸ್'. ಅಮೆರಿಕದ ನಿಘಂಟುಕಾರ ನೋಹ್ ವೆಬ್‌ಸ್ಟರ್ ತಾನು ಹೊಸದಾಗಿ ತಂದ ಪದ ಇದೊಂದೇ ಎಂದು ಹೇಳಿಕೊಂಡಿದ್ದ. 1794ರಲ್ಲಿ ಫ್ರಾನ್ಸಿನ ಕ್ರಾಂತಿಯ ಬಗ್ಗೆ ಬರೆದ ಕಿರುಹೊತ್ತಗೆಯಲ್ಲಿ, ಯುದ್ಧ ಜನರ ನೀತಿಯನ್ನು ಕೆಡಿಸುತ್ತದೆ ಎಂಬ ಅರ್ಥದಲ್ಲಿ ಅದನ್ನು ಬಳಸಿದ. ಕಾಲ ಸರಿದಂತೆ ನೀತಿ ಕೆಡಿಸುವ ಅರ್ಥ ಹಿಂದಾಗಿ, ಸೇನೆಯ, ತಂಡದ ಮನೋಬಲ ಕೆಡಿಸುವ ಅರ್ಥ ಮುಂದೆ ಬಂತು. ಎರಡನೇ ಮಹಾಯುದ್ಧದಲ್ಲಿ ವಿಮಾನಗಳು ಬಾಂಬಿನ ಜೊತೆಗೆ ಕರಪತ್ರಗಳನ್ನೂ ಉದುರಿಸಿದ್ದು ಈ ಕೆಲಸಕ್ಕಾಗಿಯೇ.

ವ್ಯಾಕರಣದ ಒಂದು ಮಾತನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಕನ್ನಡದ ಮಕ್ಕಳು ಇಂಗ್ಲಿಷ್ ಪರೀಕ್ಷೆಯಲ್ಲಿ ಎಡವುವ ಜಾಗ ಇದು. ಎನ್‌ಕರೇಜ್ ಪದದ ಮುಂದೆ 'ಟು' ಬರುತ್ತದೆ, ಕ್ರಿಯಾಪದ ತನ್ನ ಮೂಲರೂಪದಲ್ಲೇ ಇರುತ್ತದೆ. ಡಿಸ್ಕರೇಜ್ ಪದದ ಮುಂದೆ 'ಫ್ರಮ್' ಬರುತ್ತದೆ, ಕ್ರಿಯಾಪದ 'ಇಂಗ್' ರೂಪಕ್ಕೆ ತಿರುಗುತ್ತದೆ. ಎನ್‌ಕರೇಜ್ಡ್ ಮಿ ಟು ಗೋ. ಡಿಸ್ಕರೇಜ್ಡ್ ಮಿ ಫ್ರಮ್ ಗೋಯಿಂಗ್. ಎರಡಕ್ಕೂ 'ಟು' ಹಾಕುವ ತಪ್ಪು ನಮ್ಮಲ್ಲಿ ಸಾಮಾನ್ಯ. ಕಾರಣ ಕನ್ನಡದ ರಚನೆಯಲ್ಲೇ ಇದೆ. ಹೋಗುವಂತೆ ಹುರಿದುಂಬಿಸಿದರು, ಹೋಗದಂತೆ ತಡೆದರು. ಕನ್ನಡದಲ್ಲಿ 'ಅಂತೆ' ಎರಡೂ ಕಡೆ ಒಂದೇ. ಇಲ್ಲ ಎಂಬುದನ್ನು ಹೊರುವುದು 'ಹೋಗದ' ಎಂಬ ಕ್ರಿಯಾರೂಪ. ಇಂಗ್ಲಿಷಿನಲ್ಲಿ ಆ ಭಾರ 'ಫ್ರಮ್' ಮೇಲೆ ಬೀಳುತ್ತದೆ. ಇದನ್ನು ಕನ್ನಡದ ಮೂಲಕವೇ ಒಮ್ಮೆ ತೋರಿಸಿಕೊಟ್ಟರೆ ಮಗು ಮತ್ತೆ ಮರೆಯುವುದಿಲ್ಲ.

ಡಿಸ್ಕರೇಜ್ಡ್ ಮತ್ತು ಡಿಸ್ಕರೇಜಿಂಗ್ ನಡುವಿನ ಗೊಂದಲಕ್ಕೂ ಕನ್ನಡದಲ್ಲೇ ಪರಿಹಾರವಿದೆ. ಎದೆಗುಂದಿದ ಹುಡುಗಿ, ಎದೆಗುಂದಿಸುವ ಮಾತು. ನಡುವೆ ಇರುವುದು 'ಇಸು' ಎಂಬ ಪುಟ್ಟ ಪ್ರತ್ಯಯ. ಕುಂದುವುದು ತಾನಾಗಿ ಆಗುತ್ತದೆ. ಕುಂದಿಸಲು ಒಬ್ಬರು ಬೇಕು. "ಯಾಕೋ ಅವಳಿಗೆ ಉತ್ಸಾಹವೇ ಇಲ್ಲ" ಎಂದು ದೊಡ್ಡವರು ಹೇಳುವಾಗ ಈ 'ಇಸು' ಮಾತಿನಿಂದ ಜಾರಿಹೋಗಿರುತ್ತದೆ. ಉತ್ಸಾಹ ಎಲ್ಲಿ ಹೋಯಿತು, ಯಾರ ಮಾತಿಗೆ ಹೋಯಿತು ಎಂದು ಕೇಳುವವರಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ವೀರರಸದ ಸ್ಥಾಯಿಭಾವವೇ ಉತ್ಸಾಹ. ಉತ್ಸಾಹ ಹೋದರೆ ಅಲ್ಲಿ ವೀರವೇ ಇಲ್ಲ. ಅಷ್ಟು ತೂಕದ ಪದವನ್ನು ಹವಾಮಾನದಂತೆ ತಾನೇ ಬಂದು ಹೋಗುವ ಸಂಗತಿಯಾಗಿ ನೋಡುವುದು ಸರಿಯಲ್ಲ.

ಉತ್ಸಾಹ ಕಳೆದುಕೊಂಡವರು ಲೆಕ್ಕದಿಂದಲೇ ಮಾಯವಾಗುತ್ತಾರೆ ಎನ್ನುವುದಕ್ಕೆ ಅಮೆರಿಕದ ಸರ್ಕಾರಿ ಅಂಕಿಅಂಶದ ಕ್ರಮವೇ ಸಾಕ್ಷಿ. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆ 'ಡಿಸ್ಕರೇಜ್ಡ್ ವರ್ಕರ್ಸ್' ಎಂಬ ವರ್ಗವನ್ನು ಇಟ್ಟುಕೊಂಡಿದೆ. ಕೆಲಸ ಬೇಕು, ಕೊಟ್ಟರೆ ಮಾಡಲು ಸಿದ್ಧ, ಹಿಂದಿನ 12 ತಿಂಗಳಲ್ಲಿ ಹುಡುಕಿಯೂ ಇದ್ದಾರೆ. ಆದರೆ ಕಳೆದ 4 ವಾರಗಳಿಂದ ಹುಡುಕುವುದನ್ನು ಬಿಟ್ಟಿದ್ದಾರೆ. ತಮಗೆ ಕೆಲಸ ಸಿಗುವುದಿಲ್ಲ ಎಂದು ನಂಬಿರುವುದೇ ಬಿಟ್ಟದ್ದಕ್ಕೆ ಕಾರಣ. ವಯಸ್ಸಾಯಿತು, ಓದು ಸಾಲದು, ತಾರತಮ್ಯ ಮಾಡುತ್ತಾರೆ ಎಂಬ ಕಾರಣಗಳೂ ಅದರಲ್ಲಿ ಸೇರಿವೆ. ಪ್ರತಿ ತಿಂಗಳು ಪತ್ರಿಕೆಗಳಲ್ಲಿ ಬರುವ ಅಧಿಕೃತ ನಿರುದ್ಯೋಗ ಪ್ರಮಾಣದಲ್ಲಿ ಇವರಿಲ್ಲ, ಏಕೆಂದರೆ ಹುಡುಕದವರನ್ನು ಆ ಲೆಕ್ಕ ನಿರುದ್ಯೋಗಿ ಎನ್ನುವುದಿಲ್ಲ. ಇವರನ್ನೂ ಸೇರಿಸಿದ ಅಂಕಿಯನ್ನು ಬೇರೆಯಾಗಿ ಕೊಡಲಾಗುತ್ತದೆ. ಬಾಗಿಲು ಮುಚ್ಚಿದೆ ಎಂದು ಪದೇಪದೇ ಕೇಳಿಸಿಕೊಂಡವರು ಕೊನೆಗೆ ಬಾಗಿಲು ತಟ್ಟುವುದನ್ನೇ ಬಿಡುತ್ತಾರೆ. ಆಮೇಲೆ ಬಾಗಿಲ ಬಳಿ ಯಾರೂ ಇಲ್ಲವೆಂದು ದಾಖಲಾಗುತ್ತದೆ.

ಪಿಯು ಅರ್ಜಿ ಮಡಚಿಟ್ಟ ಹುಡುಗಿಯ ವಿಷಯದಲ್ಲೂ ಆಗುವುದು ಇದೇ. "ಅವಳೇ ಸೈನ್ಸ್ ಸೇರಿದಳು" ಎಂದು ಮನೆಯವರು ಮುಂದೆ ಹೇಳುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕನ್ನಡಿಗರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೆಸರಾದ ಜಾಗದಲ್ಲಿ, 1933ರಲ್ಲಿ ನಡೆದ ಒಂದು ಘಟನೆ ಈ ಕ್ರಿಯಾಪದದ ಪೂರ್ಣ ವಿವರಣೆಯಂತಿದೆ. ಕಮಲಾ ಭಾಗವತ್ ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದು ಸಂಶೋಧನೆಗೆ ಅರ್ಜಿ ಹಾಕಿದರು. ಅವರ ತಂದೆ, ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ನಿರ್ದೇಶಕರಾಗಿದ್ದವರು 1930ರಲ್ಲಿ ನೊಬೆಲ್ ಪಡೆದಿದ್ದ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅವರು ಅರ್ಜಿಯನ್ನು ನಿರಾಕರಿಸಿದರು. ಕಮಲಾ ಸತ್ಯಾಗ್ರಹದ ದಾರಿ ಹಿಡಿದು ಪಟ್ಟು ಬಿಡದೆ ನಿಂತರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು. ಮೊದಲ ವರ್ಷ ಅವರನ್ನು ಪೂರ್ಣ ವಿದ್ಯಾರ್ಥಿಯೆಂದು ಪರಿಗಣಿಸುವುದಿಲ್ಲ, ಮಾರ್ಗದರ್ಶಕರು ಹೇಳಿದಂತೆ ರಾತ್ರಿ ಹೊತ್ತಿನವರೆಗೂ ಕೆಲಸ ಮಾಡಬೇಕು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು.

ಆ ಮೂರನೇ ಷರತ್ತನ್ನು ಹತ್ತಿರದಿಂದ ನೋಡಬೇಕು. ಕೆಲಸದ ಬಗ್ಗೆ ಅದು ಒಂದು ಮಾತನ್ನೂ ಹೇಳುವುದಿಲ್ಲ. ಯಾವ ಪ್ರಯೋಗ ಕಷ್ಟ, ಯಾವ ವಿಷಯಕ್ಕೆ ತಯಾರಿ ಸಾಲದು ಎಂಬ ಸೂಚನೆ ಅಲ್ಲಿಲ್ಲ. ಅದರ ಗುರಿ ಆ ಹುಡುಗಿ ಅಲ್ಲಿ ಇರುವುದೇ. ಬುದ್ಧಿಮಾತು ಕೆಲಸವನ್ನು ಕುರಿತು ಆಡುವಂಥದ್ದು. ಎದೆಗುಂದಿಸುವ ಮಾತು ಮನುಷ್ಯರನ್ನು ಕುರಿತದ್ದು. ಕಮಲಾ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಕುರಿತು ಕೆಲಸ ಮಾಡಿದರು. ವರ್ಷ ಕಳೆಯಿತು, ಅವರ ಕೆಲಸ ರಾಮನ್ ಅವರಿಗೆ ಒಪ್ಪಿಗೆಯಾಯಿತು, ಅವರು ಪೂರ್ಣ ವಿದ್ಯಾರ್ಥಿಯಾದರು. ಆ ಬಳಿಕ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. 1939ರಲ್ಲಿ ಕಮಲಾ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಅವರು ಮುಂಬೈಯ ವಿಜ್ಞಾನ ಸಂಸ್ಥೆಯ ನಿರ್ದೇಶಕಿಯಾದರು. ಅಷ್ಟೆಲ್ಲ ಆದಮೇಲೂ, 1933ರಲ್ಲಿ ಆದ ಅವಮಾನ ತಮ್ಮನ್ನು ಎಷ್ಟು ನೋಯಿಸಿತ್ತು ಎಂದು ಬಾಳಿನ ಕೊನೆಯ ವರ್ಷಗಳಲ್ಲಿ ಅವರು ಬಹಿರಂಗವಾಗಿ ಹೇಳಿಕೊಂಡರು. 1998ರಲ್ಲಿ ತೀರಿಕೊಂಡ ಅವರ ಎದೆಯಲ್ಲಿ ಆ ಮಾತು ಆರು ದಶಕ ಉಳಿದಿತ್ತು.

ಅದೇ ಸಂಸ್ಥೆಯ ಸೂಚನಾ ಫಲಕದಲ್ಲಿ 1974ರಲ್ಲಿ ಟಾಟಾ ಸಮೂಹದ ಕಂಪನಿಯೊಂದರ ಉದ್ಯೋಗದ ಜಾಹೀರಾತು ಇತ್ತು. ಹೆಣ್ಣುಮಕ್ಕಳು ಅರ್ಜಿ ಹಾಕುವುದು ಬೇಡ ಎಂಬ ಸಾಲು ಅದರಲ್ಲಿತ್ತು. ಆಗ ಅಲ್ಲಿ ಸ್ನಾತಕೋತ್ತರ ಎಂಜಿನಿಯರಿಂಗ್ ಓದುತ್ತಿದ್ದ ಸುಧಾ ಕುಲಕರ್ಣಿ, ಇಂದಿನ ಸುಧಾ ಮೂರ್ತಿ, ಜೆ.ಆರ್.ಡಿ. ಟಾಟಾ ಅವರಿಗೆ ಒಂದು ಪೋಸ್ಟ್‌ಕಾರ್ಡ್ ಬರೆದರು. ಸಂದರ್ಶನಕ್ಕೆ ಪುಣೆಗೆ ಕರೆ ಬಂತು, ಕೆಲಸ ಸಿಕ್ಕಿತು. ಈ ಕತೆಯನ್ನು ಅವರೇ ಬರೆದಿದ್ದಾರೆ, ಶಾಲೆಗಳಲ್ಲಿ ಮಕ್ಕಳು ಓದುತ್ತಾರೆ. ಓದುವಾಗ ಮೇಷ್ಟ್ರುಗಳು ಇನ್ನೊಂದು ಪ್ರಶ್ನೆಯನ್ನೂ ಮಕ್ಕಳ ಮುಂದಿಡಬೇಕು. ಆ ಸಾಲನ್ನು ಓದಿ ಪೋಸ್ಟ್‌ಕಾರ್ಡ್ ಬರೆಯದೆ ಸುಮ್ಮನೆ ಹಾಸ್ಟೆಲಿಗೆ ನಡೆದವರೂ ಇದ್ದಿರಬೇಕಲ್ಲವೇ?

ಗೆದ್ದವರ ಕತೆಗಳಲ್ಲಿ ಒಂದು ಅಪಾಯವಿದೆ. ಬೈಗುಳವೇ ಅವರನ್ನು ಬೆಳೆಸಿತು ಎಂದು ಕೆಲವರು ಅರ್ಥ ಮಾಡಿಕೊಳ್ಳುತ್ತಾರೆ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಬದುಕು ಇದಕ್ಕೆ ಉತ್ತರ. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಸಭೆಯಲ್ಲಿ 24 ವರ್ಷದ ಅವರು, ಶ್ವೇತಕುಬ್ಜ ನಕ್ಷತ್ರದ ದ್ರವ್ಯರಾಶಿಗೆ ಒಂದು ಮಿತಿಯಿದೆ, ಸೂರ್ಯನ ಸುಮಾರು 1.4 ಪಟ್ಟು ದಾಟಿದರೆ ಅದು ಆ ಸ್ಥಿತಿಯಲ್ಲಿ ನಿಲ್ಲಲಾರದು ಎಂಬ ತಮ್ಮ ಲೆಕ್ಕವನ್ನು ಮಂಡಿಸಿದರು. ಅವರ ಹಿಂದೆಯೇ ಎದ್ದುನಿಂತ ಸರ್ ಆರ್ಥರ್ ಎಡಿಂಗ್ಟನ್, ಆ ಕಾಲದ ಖಗೋಳ ವಿಜ್ಞಾನದ ದೊಡ್ಡ ಹೆಸರು, ಆ ಫಲಿತಾಂಶವನ್ನು ಸಭೆ ನಗುವಂತೆ ಗೇಲಿ ಮಾಡಿದರು. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಚಂದ್ರಶೇಖರ್ ಅವರ ಲೆಕ್ಕಗಳ ಬಗ್ಗೆ ಅವರು ಆಗಾಗ ವಿಚಾರಿಸಿಕೊಳ್ಳುತ್ತಿದ್ದರು. ಭಿನ್ನಾಭಿಪ್ರಾಯ ಇದ್ದರೆ ಆಗಲೇ ಹೇಳಬಹುದಿತ್ತು. ಚಂದ್ರಶೇಖರ್ 1937ರಲ್ಲಿ ಅಮೆರಿಕಕ್ಕೆ ಹೋದರು, 1939ರಲ್ಲಿ ನಕ್ಷತ್ರಗಳ ರಚನೆಯ ಬಗ್ಗೆ ತಮಗೆ ತಿಳಿದುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು ಬೇರೆ ವಿಷಯಕ್ಕೆ ಹೊರಳಿದರು. 1983ರಲ್ಲಿ ಅವರಿಗೆ ನೊಬೆಲ್ ಬಂತು. ಆ ಸಭೆಯಾಗಿ ಆಗಲೇ 48 ವರ್ಷ ಕಳೆದಿತ್ತು.

ಚಂದ್ರಶೇಖರ್ ವಿಜ್ಞಾನವನ್ನು ಬಿಡಲಿಲ್ಲ. ಎಡಿಂಗ್ಟನ್ ಮೇಲಿನ ಗೌರವವನ್ನೂ ಬಿಡದೆ ಅವರ ಬಗ್ಗೆ ಉಪನ್ಯಾಸ ಕೊಟ್ಟರು. ಇಂಗ್ಲಿಷಿನ ಪದಗಳನ್ನು ಬೇರ್ಪಡಿಸಿ ಹೇಳುವುದಾದರೆ ಅವರು ಡಾಂಟ್ ಆಗಲಿಲ್ಲ, ಆದರೆ ಆ ದಾರಿಯಿಂದ ಡಿಟರ್ ಆದರು. ಮುಂದೆ ಕಪ್ಪುಕುಳಿಗಳ ತಿಳಿವಳಿಕೆಯ ಕಡೆಗೆ ಒಯ್ಯಬೇಕಿದ್ದ ಆ ದಾರಿಯಲ್ಲಿ ಬಹುಕಾಲ ನಡೆಯುವವರಿರಲಿಲ್ಲ. ಒಬ್ಬ ಹಿರಿಯನ ಒಂದು ಸಂಜೆಯ ಮಾತಿಗೆ ಇಡೀ ಶಾಸ್ತ್ರ ಬೆಲೆ ತೆತ್ತಿತು.

ಹಾಗಾದರೆ ಯಾರಿಗೂ ಏನೂ ಬೇಡವೆನ್ನಬಾರದೇ? ಹಾಗಲ್ಲ. ಈಜು ಬಾರದ ಹುಡುಗ ಮಳೆಗಾಲದ ಹೊಳೆಗೆ ಇಳಿಯುವೆನೆಂದರೆ ತಡೆಯಲೇಬೇಕು. ಮೀಟರ್ ಬಡ್ಡಿಗೆ ಸಾಲ ಮಾಡಿ ಅಂಗಡಿ ತೆರೆಯುವೆನೆಂದ ತಮ್ಮನಿಗೆ ಅಣ್ಣ ಲೆಕ್ಕ ಬಿಡಿಸಿ ಹೇಳಲೇಬೇಕು. ಸರ್ಕಾರವೂ ಈ ಕೆಲಸ ಮಾಡುತ್ತದೆ. 2016ರ ಏಪ್ರಿಲ್ 1ರಿಂದ ಭಾರತದಲ್ಲಿ ಸಿಗರೇಟ್ ಪ್ಯಾಕಿನ ಎರಡೂ ಮುಖಗಳ ಶೇ 85ರಷ್ಟು ಜಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇರಬೇಕೆಂಬ ನಿಯಮ ಬಂತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿದ್ದರಿಂದ ಚಿತ್ರ ಉಳಿಯಿತು. ಆ ಚಿತ್ರ ಸೇದುವವನಿಗೆ ನೀನು ಕೆಲಸಕ್ಕೆ ಬಾರದವನು ಎನ್ನುವುದಿಲ್ಲ. ಸೇದಿದರೆ ಏನಾಗುತ್ತದೆ ಎಂದಷ್ಟೇ ತೋರಿಸುತ್ತದೆ, ಬಿಟ್ಟರೆ ಉಳಿಯುವ ದಾರಿಯಿದೆ ಎಂದೂ ಸೂಚಿಸುತ್ತದೆ. ತಡೆಯುವ ಮಾತು ಹೀಗಿರಬಹುದು. ಅದರಲ್ಲಿ ಭಯವಿದೆ, ಅವಮಾನವಿಲ್ಲ.

ಈ ಎರಡರ ಅಂತರ ಕನ್ನಡನಾಡಿಗೆ ಇಂಗ್ಲಿಷ್ ಬರುವ ಎಷ್ಟೋ ಮೊದಲೇ ಗೊತ್ತಿತ್ತು. ಮಹಾಭಾರತದ ವಿದುರ ಮತ್ತು ಶಲ್ಯ ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಾಕು. ವಿದುರ ಜೂಜಿಗೆ ಮೊದಲೇ ಧೃತರಾಷ್ಟ್ರನಿಗೆ ಬೇಡವೆಂದ. ಕಾರಣ ಕೊಟ್ಟ, ಪರಿಣಾಮ ಹೇಳಿದ, ಬದಲಿ ದಾರಿ ತೋರಿಸಿದ. ಕೇಳುವವನು ಕೇಳಲಿಲ್ಲ, ಅದು ಬೇರೆ ಮಾತು. ಶಲ್ಯನದು ಇನ್ನೊಂದು ಬಗೆ. ಮಾದ್ರಿಯ ಅಣ್ಣನಾದ ಅವನು ಪಾಂಡವರ ಕಡೆಗೆ ಹೊರಟಿದ್ದಾಗ ದಾರಿಯುದ್ದಕ್ಕೂ ದುರ್ಯೋಧನ ಮಾಡಿಸಿದ ಉಪಚಾರಕ್ಕೆ ಸಿಕ್ಕಿ, ಕೊಟ್ಟ ಮಾತಿಗೆ ಕಟ್ಟುಬಿದ್ದು ಕೌರವರ ಪಕ್ಷ ಸೇರಿದ. ಮುಂದೆ ಕರ್ಣನಿಗೆ ಸಾರಥಿಯಾಗಬೇಕಾದಾಗ ಅವನ ತೇಜಸ್ಸನ್ನು ಕುಗ್ಗಿಸು ಎಂದು ಧರ್ಮರಾಯ ಕೇಳಿಕೊಂಡ; ಶಲ್ಯ ಒಪ್ಪಿದ. ಹದಿನೇಳನೇ ದಿನ ರಥ ಹೊರಟ ಮೇಲೆ ಅವನು ಬಾಯಿ ತೆರೆದ. ಅರ್ಜುನನ ಮುಂದೆ ನೀನೆಷ್ಟರವನು ಎಂದ, ಹಂಸದ ಜೊತೆ ಪಂದ್ಯ ಕಟ್ಟಿ ಸಮುದ್ರದ ನಡುವೆ ರೆಕ್ಕೆ ಸೋತ ಕಾಗೆಯ ಕತೆ ಹೇಳಿದ.

ಶಲ್ಯ ಆಡಿದ್ದು ಪೂರ್ತಿ ಸುಳ್ಳೇನಲ್ಲ. ಅರ್ಜುನ ಬಲ್ಲಿದನೇ. ತಾಳಮದ್ದಳೆಯ ಕರ್ಣಪರ್ವದಲ್ಲಿ ಒಳ್ಳೆಯ ಅರ್ಥಧಾರಿ ಶಲ್ಯನಾಗಿ ಕೂತರೆ ಅವನ ತರ್ಕಕ್ಕೆ ಸಭೆ ತಲೆದೂಗುತ್ತದೆ. ಆದರೂ ಎದುರು ಕುಳಿತ ಕರ್ಣನ ಮೇಲೆ ಕೇಳುಗರಿಗೆ ಕರುಣೆ ಉಕ್ಕುತ್ತದೆ. ಏಕೆಂದರೆ ಆ ಹೊತ್ತಿನಲ್ಲಿ ಕರ್ಣನಿಗೆ ಹಿಂದೆ ಸರಿಯುವ ದಾರಿಯಿಲ್ಲ. ಮಾಡಲೇಬೇಕಾದ ಕೆಲಸದ ನಡುವೆ ನಿಂತವನಿಗೆ ಹೇಳಿದ ನಿಜ ಅವನ ಕೈಯ ಬಲವನ್ನು ಕಸಿಯುತ್ತದೆ, ಬೇರೇನೂ ಕೊಡುವುದಿಲ್ಲ. ಆ ಕೆಲಸಕ್ಕೆ ಮಹಾಭಾರತ ಕೊಟ್ಟ ಹೆಸರು ತೇಜೋವಧೆ. ಇಂದು ಪತ್ರಿಕೆಗಳಲ್ಲಿ ತೇಜೋವಧೆ ಎಂದರೆ ಸಾರ್ವಜನಿಕವಾಗಿ ಮಾನ ಕಳೆಯುವುದು ಎಂದಾಗಿದೆ. ಅದರ ಹಳೆಯ ಅರ್ಥ ಒಳಗಿನ ಬೆಳಕನ್ನು ನಂದಿಸುವುದು. ವೆಬ್‌ಸ್ಟರನ ಡಿಮಾರಲೈಸ್ ಪದಕ್ಕೆ ಇದಕ್ಕಿಂತ ಬಿಗಿಯಾದ ಕನ್ನಡ ಇನ್ನೊಂದಿಲ್ಲ. ಜೊತೆಗಿದ್ದೇ ಬಲ ಕುಂದಿಸುವವರ ಬಗ್ಗೆ 'ಶಲ್ಯ ಸಾರಥ್ಯ' ಎಂಬ ನುಡಿಗಟ್ಟನ್ನು ಕನ್ನಡಿಗರು ಇಂದಿಗೂ ಬಳಸುತ್ತಾರೆ.

ಇಷ್ಟೆಲ್ಲ ಪದಗಳಿದ್ದೂ ಕನ್ನಡದ ಕಚೇರಿ, ಪತ್ರಿಕೆ, ಪಠ್ಯಪುಸ್ತಕಗಳು ಡಿಸ್ಕರೇಜ್ ಎಂದು ಕಂಡ ಕಡೆಯೆಲ್ಲ 'ನಿರುತ್ಸಾಹಗೊಳಿಸು' ಎಂದು ಬರೆದು ಮುಂದೆ ಹೋಗುತ್ತವೆ. ಖಾಸಗಿ ವಾಹನಗಳ ಬಳಕೆಯನ್ನು ನಿರುತ್ಸಾಹಗೊಳಿಸಬೇಕು, ಪ್ಲಾಸ್ಟಿಕ್ ಬಳಕೆಯನ್ನು ನಿರುತ್ಸಾಹಗೊಳಿಸಬೇಕು ಎಂಬ ವಾಕ್ಯಗಳು ಓದುಗನ ಕಿವಿಗೆ ತಾಗುವುದಿಲ್ಲ. ಉತ್ಸಾಹ ಇರುವುದು ಮನುಷ್ಯರಿಗೆ, ಬಳಕೆಗಲ್ಲ. ಬಳಕೆಯನ್ನು ತಗ್ಗಿಸಬೇಕು, ಕಡಿಮೆ ಮಾಡಿಸಬೇಕು, ಜನ ಬಿಡುವಂತೆ ಮಾಡಬೇಕು ಎಂದರೆ ಅರ್ಥ ನೇರವಾಗಿ ತಲುಪುತ್ತದೆ. ಇಂಗ್ಲಿಷಿನ ಫಲಕಗಳಲ್ಲಿ 'ಈಸ್ ಡಿಸ್ಕರೇಜ್ಡ್' ಎಂದು ಬಂದರೆ ಅದು ನಿಷೇಧಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಮಾತು: ದಂಡವಿಲ್ಲ, ಆದರೆ ಮಾಡದಿರುವುದು ಒಳ್ಳೆಯದು. ಕನ್ನಡದಲ್ಲಿ 'ದಯವಿಟ್ಟು ಬೇಡ' ಎಂಬ ಎರಡು ಪದ ಆ ಕೆಲಸ ಮಾಡುತ್ತವೆ. ಅನುವಾದಕರು ವಾಕ್ಯ ಮುಟ್ಟುವ ಮುನ್ನ ಇಲ್ಲಿ ಕುಂದುತ್ತಿರುವುದು ಯಾರದೋ ಎದೆಯೋ, ತಗ್ಗುತ್ತಿರುವುದು ಒಂದು ಅಭ್ಯಾಸವೋ ಎಂದು ಒಮ್ಮೆ ಕೇಳಿಕೊಂಡರೆ ಸರಿಯಾದ ಪದ ತಾನೇ ಬರುತ್ತದೆ.

ಆಡುಮಾತಿನ ಕನ್ನಡವಂತೂ ಈ ವಿಷಯದಲ್ಲಿ ಇನ್ನೂ ಖಚಿತ. ಹೊಸ ಉಮೇದಿನಿಂದ ಹೊರಟವರಿಗೆ ತಣ್ಣೀರೆರಚುತ್ತಾರೆ. ಮೊಳಕೆಯಲ್ಲೇ ಚಿವುಟುತ್ತಾರೆ. ಹೇಳಿದ್ದಕ್ಕೆಲ್ಲ ಮೂಗು ಮುರಿಯುತ್ತಾರೆ. ಮೇಲೇರುವವರ ಕಾಲೆಳೆಯುತ್ತಾರೆ. ನಡೆಯುವವರಿಗೆ ಅಡ್ಡಗಾಲು ಹಾಕುತ್ತಾರೆ. ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಲಾಗದು. ತಣ್ಣೀರೆರಚುವವನು ಮಾತಾಡುತ್ತಾನೆ, ಅಡ್ಡಗಾಲು ಹಾಕುವವನು ಕೈಯಾರೆ ತಡೆಯುತ್ತಾನೆ. ಮೂಗು ಮುರಿಯುವವನಿಗೆ ಮಾತೂ ಬೇಕಿಲ್ಲ. ಇವೆಲ್ಲವನ್ನೂ ಬಿಟ್ಟು "ಡಿಸ್ಕರೇಜ್ ಮಾಡ್ಬೇಡಿ" ಎಂದಾಗ ಹೇಳಿಸಿಕೊಂಡವನು ಸುಲಭವಾಗಿ ನುಣುಚಿಕೊಳ್ಳುತ್ತಾನೆ. "ಅಣ್ಣಾ, ಅವಳ ಆಸೆಗೆ ತಣ್ಣೀರೆರಚಬೇಡ" ಎಂದು ಆ ಅಮ್ಮ ಹೇಳಿದ್ದರೆ, ನಾನೆಲ್ಲಿ ಎರಚಿದೆ ಎನ್ನಲು ಮಾವನಿಗೆ ಅಷ್ಟು ಬೇಗ ಬಾಯಿ ಬರುತ್ತಿರಲಿಲ್ಲ.

ಮಾವನ ಕಳಕಳಿ ಸುಳ್ಳೆಂದು ಹೇಳಬೇಕಿಲ್ಲ. ಇತಿಹಾಸ ಓದಿದರೆ ಮುಂದೇನು ಎಂಬ ಚಿಂತೆ ನಿಜವಾದದ್ದು, ಸಂಬಳ ತರುವ ಕೆಲಸ ಬೇಕೆಂಬುದೂ ನಿಜ. ಆ ಚಿಂತೆಯನ್ನು ಹೇಳುವ ಬಗೆ ಬೇರೆಯಿದೆ. "ನಿಂಗೆ ಇತಿಹಾಸ ಯಾಕೆ ಇಷ್ಟ ಹೇಳಮ್ಮಾ. ಡಿಗ್ರಿ ಆದ್ಮೇಲೆ ಏನೇನು ದಾರಿ ಇದೆ, ಇಬ್ರೂ ಕೂತು ವಿಚಾರಿಸೋಣ. ನಂಗೆ ಭಯ ಇರೋದು ಕೆಲಸದ ಬಗ್ಗೆ, ನಿನ್ನ ಬಗ್ಗೆ ಅಲ್ಲ" ಎಂದರೆ ಆ ಹುಡುಗಿ ಅರ್ಜಿ ಮಡಚುವುದಿಲ್ಲ. ಆ ಮಾತು ಕೇಳಿ ಅವಳು ಮನಸ್ಸು ಬದಲಿಸಿ ವಾಣಿಜ್ಯ ವಿಭಾಗ ಸೇರಿದರೂ ಅದು ಅವಳದೇ ತೀರ್ಮಾನವಾಗುತ್ತದೆ. ಬೇರೆಯವರು ಹೋಗುವ ಜಾಗ ಅದು, ನಿನ್ನಂಥವಳಿಗಲ್ಲ ಎಂಬ ಮಾತಿಗೆ ಹೆದರಿ ಸೇರಿದರೆ, ಎರಡು ವರ್ಷ ಯಾವ ಪುಸ್ತಕ ತೆರೆದರೂ ಆ ಮಾತೇ ಮೊದಲು ಕಾಣುತ್ತದೆ.

ಈ ಬಾರಿ ಪಿಯು ಪ್ರವೇಶದ ಅರ್ಜಿ ತುಂಬುವ ಮನೆಗಳ ಹಿರಿಯರಲ್ಲಿ, ತರಗತಿಯ ಮೇಷ್ಟ್ರು ಮೇಡಮ್ಮುಗಳಲ್ಲಿ ಒಂದು ಕೋರಿಕೆ. ಬೇಡ ಎನ್ನಬೇಕೆನಿಸಿದರೆ ಖಂಡಿತ ಹೇಳಿ. ಅರ್ಜಿ ಸಲ್ಲಿಸುವ ಕೊನೆಯ ದಿನಕ್ಕೆ ಮೊದಲು ಹೇಳಿ, ಕಾರಣ ಕೊಟ್ಟು ಹೇಳಿ, ವಿಷಯದ ಬಗ್ಗೆ ಹೇಳಿ, ಮಗುವಿನ ಯೋಗ್ಯತೆಯ ಬಗ್ಗೆ ಅಲ್ಲ. ಹೇಳಿದ ಮೇಲೆ ಅವಳ ಮಾತನ್ನೂ ಕೊನೆಯವರೆಗೆ ಕೇಳಿ. ಅವಳು ಆರ್ಟ್ಸ್ ಎಂದೇ ಬರೆದು ಸಹಿ ಹಾಕಿ ತಂದರೆ ಆ ಚರ್ಚೆಯನ್ನು ಅಲ್ಲಿಗೇ ಮುಗಿಸಿ. ಮದುವೆ ಮನೆಯಲ್ಲಿ, ಹಬ್ಬದ ಊಟದಲ್ಲಿ, ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ದಿನ ಅದನ್ನು ಮತ್ತೆ ಎತ್ತಬೇಡಿ. ಬಸ್ ಪಾಸಿಗೆ ಅವಳ ಫೋಟೊ ತೆಗೆಸಿ, ಕಾಲೇಜು ಶುರುವಾಗುವ ದಿನ ನಿಲ್ದಾಣದವರೆಗೆ ಜೊತೆಗೆ ಹೋಗಿ ಬನ್ನಿ.